ವಿದೇಶ ಪ್ರವಾಸಕ್ಕೆ ವಿಮೆ ಕಡ್ಡಾಯವೇ?

ಮಕ್ಕಳನ್ನು ನೋಡಲು ವಿದೇಶಕ್ಕೆ ಹೊರಡುವ ಕಳಸ, ಮೂಡಿಗೆರೆ, ಕುದುರೆಮುಖ ಭಾಗದ ಹಿರಿಯರು ಗಮನಿಸಬೇಕಾದ ವಿಷಯವಿದು. ನಿಯಮ ಎಲ್ಲ ದೇಶಗಳಲ್ಲೂ ಒಂದೇ ಅಲ್ಲ.

ಜರ್ಮನಿ, ಫ್ರಾನ್ಸ್, ಬೆಲ್ಜಿಯಂ ಸೇರಿ 29 ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ತುರ್ತು ಚಿಕಿತ್ಸೆಯ ಜೊತೆಗೆ, ಮರಣ ಸಂಭವಿಸಿದರೆ ಪಾರ್ಥಿವ ಶರೀರವನ್ನು ಊರಿಗೆ ತರುವ ಖರ್ಚೂ ಅದರಲ್ಲಿ ಸೇರಿರಬೇಕು. ಬೆಲ್ಜಿಯಂನ ಆಂಟ್ವರ್ಪ್ ಜಿನಮಂದಿರದ ದರ್ಶನಕ್ಕೆ ಹೋಗುವವರಿಗೂ ಇದೇ ನಿಯಮ.

ಕೆನಡಾದಲ್ಲಿ ನೆಲೆಸಿದ ಮಕ್ಕಳ ತಂದೆತಾಯಿಗೆ ಸಿಗುವ ಸೂಪರ್ ವೀಸಾಕ್ಕೆ ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್‌ನ, ಒಂದು ವರ್ಷದ ವಿಮೆ ಬೇಕು.

ಅಮೆರಿಕ, ಬ್ರಿಟನ್ ಪ್ರವಾಸಿ ವೀಸಾಕ್ಕೆ ವಿಮೆ ಕಡ್ಡಾಯವಲ್ಲ. ಆದರೆ ಅಮೆರಿಕದ ಆಸ್ಪತ್ರೆ ಖರ್ಚು ತೀರಾ ದುಬಾರಿ. ವಿಮೆಯಿಲ್ಲದೆ ಹೋಗುವುದು ಕ್ಷೇಮವಲ್ಲ.

ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ ಅರ್ಜಿಯಲ್ಲಿ ತಪ್ಪದೇ ನಮೂದಿಸಬೇಕು. ಮುಚ್ಚಿಟ್ಟರೆ ಕಷ್ಟಕಾಲದಲ್ಲಿ ಕ್ಲೇಮು ತಿರಸ್ಕೃತವಾಗಬಹುದು.