ಅಣ್ಣನ ಮೊದಲ ಕ್ಯಾಸೆಟ್ಟು

ಇತಿಹಾಸ ಕಲಿಸುವ ನಾವು ಪ್ರತಿ ವರ್ಷ ಒಂದು ಪಾಠವನ್ನು ತಪ್ಪದೆ ಮಾಡುತ್ತೇವೆ: ಇತಿಹಾಸದ ಆಧಾರಗಳು. ಶಾಸನ, ನಾಣ್ಯ, ತಾಳೆಗರಿ, ಸ್ಮಾರಕ. ಈ ಪಟ್ಟಿಗೆ ನಾನು ಮದುವೆ ಕ್ಯಾಸೆಟ್ಟನ್ನೂ ಸೇರಿಸುತ್ತೇನೆ. ಮಕ್ಕಳು ನಗುತ್ತಾರೆ. ಕ್ಯಾಸೆಟ್ಟು ಹೇಗಿರುತ್ತದೆಂದೇ ಅವರು ಕಂಡಿಲ್ಲ.

ನಮ್ಮ ಮಲೆನಾಡಿಗೆ ವೀಡಿಯೋ ಬಂದದ್ದು ಟಿ.ವಿ.ಯ ಬೆನ್ನಿಗೇ. 1982ರಲ್ಲಿ, ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ವರ್ಷ, ದೂರದರ್ಶನಕ್ಕೆ ಬಣ್ಣ ಬಂತು. ಜಪಾನಿನ ಜೆ.ವಿ.ಸಿ. ಕಂಪನಿ 1976ರಲ್ಲಿ ಹೊರತಂದಿದ್ದ ವಿ.ಎಚ್.ಎಸ್. ಕ್ಯಾಸೆಟ್ಟು ಕ್ರಮೇಣ ಇಲ್ಲಿಗೂ ತಲುಪಿತು. ಮೊದಮೊದಲು ಡೆಕ್ಕು ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡುವ ಸಂಭ್ರಮ. ಕ್ಯಾಸೆಟ್ಟು ಒಳಗೇ ಕೂರುವ, ಹೆಗಲ ಮೇಲೆ ಹೊರುವ ಕ್ಯಾಮೆರಾ ಬಂದ ಮೇಲೆ ಜನ ಪರದೆಯ ಮೇಲೆ ತಮ್ಮನ್ನೇ ನೋಡಿಕೊಳ್ಳಲು ಆಸೆಪಟ್ಟರು. ಸ್ವಂತ ಸ್ಟುಡಿಯೋ ಇಲ್ಲದ ಹುಡುಗರಿಗೂ ಹೊಸದೊಂದು ದುಡಿಮೆ ಹುಟ್ಟಿತು.

1989ರಲ್ಲಿ ನಾನು ಪಿ.ಯು.ಸಿ. ಓದುತ್ತಿದ್ದೆ. ಒಬ್ಬ ಫೋಟೋಗ್ರಾಫರ ಹತ್ತಿರ ಲೈಟ್ ಹಿಡಿಯುತ್ತಿದ್ದ ಅಣ್ಣ, ತಾನೇ ಸ್ವಂತವಾಗಿ ವೀಡಿಯೋ ಮಾಡುತ್ತೇನೆಂದು ಹಟ ಹಿಡಿದ. ಅಪ್ಪ ಮಾತಾಡಲಿಲ್ಲ. ಅಮ್ಮ ನಾಲ್ಕು ಬಳೆ ಬಿಚ್ಚಿಕೊಟ್ಟರು. ಬಳೆ ಅಡವಿಟ್ಟು ಅಣ್ಣ ಹಳೆಯದೊಂದು ಕ್ಯಾಮೆರಾ ತಂದ.

ಮದುವೆಗೆ ಹೊರಡುವ ದಿನ ಬೆಳಿಗ್ಗೆ ಅವನಿಗೆ ಅನುಮಾನ. ಬಣ್ಣ ಸರಿ ಬರಬೇಕಾದರೆ ಕ್ಯಾಮೆರಾಕ್ಕೆ ಮೊದಲು ಬಿಳಿ ಯಾವುದೆಂದು ತೋರಿಸಬೇಕು. ಅಮ್ಮನ ಕೈಗೆ ಬಿಳಿ ಟವೆಲ್ಲು ಕೊಟ್ಟು ಬಾಗಿಲಲ್ಲಿ ನಿಲ್ಲಿಸಿ ಟೆಸ್ಟ್ ಮಾಡಿದ. ಗಡಿಬಿಡಿಯಲ್ಲಿ ಕ್ಯಾಸೆಟ್ಟು ರಿವೈಂಡ್ ಮಾಡುವುದನ್ನು ಮರೆತ.

ಮದುವೆ ಮನೆಯಲ್ಲಿ ನಾನೇ ಲೈಟ್ ಹಿಡಿದೆ. ಸಾವಿರ ವ್ಯಾಟಿನ ಹ್ಯಾಲೊಜನ್ ಲೈಟು. ಹಚ್ಚಿದ ಕೂಡಲೇ ಚಪ್ಪರದ ಫ್ಯೂಸು ಹೋಯಿತು. ಪುರೋಹಿತರು ಬೆವರು ಒರೆಸಿಕೊಂಡರು. ಹೆಣ್ಣುಮಗಳು ಲೈಟ್ ಹಿಡಿದಿದ್ದಾಳಲ್ಲ ಎಂದು ನೋಡುವವರೂ ಇದ್ದರು. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 250 ಮೀಟರ್ ಟೇಪು. ಎಡಿಟಿಂಗ್ ಎಂದರೆ ಬೇಡದ್ದು ಬಂದಾಗ ಗುಂಡಿ ಒತ್ತಿ ನಿಲ್ಲಿಸುವುದು, ಅಷ್ಟೇ. ಮಿಕ್ಸಿಂಗ್ ಮಾಡಿಸಲು ಶಿವಮೊಗ್ಗಕ್ಕೆ ಹೋಗಬೇಕು, ಅದಕ್ಕೆ ದುಡ್ಡಿಲ್ಲ. ಎರಡನೇ ಡೆಕ್ಕಿಲ್ಲದ್ದರಿಂದ ಪ್ರತಿಯನ್ನೂ ತೆಗೆಯದೆ ಕ್ಯಾಸೆಟ್ಟನ್ನು ಹಾಗೆಯೇ ಒಪ್ಪಿಸಿದ.

ಮಾತಾಡಿದ್ದು 600 ರೂಪಾಯಿ. ಕೊಟ್ಟದ್ದು 500. "ನಮ್ಮ ಮನೆ ಮದುವೆಯಲ್ಲಿ ಮೊದಲು ನಿಮ್ಮ ಅಮ್ಮ ಯಾಕೆ ಬರಬೇಕು?" ಎಂದು ಯಜಮಾನರು ನೂರು ಹಿಡಿದುಕೊಂಡರು. ಅಂದಿನಿಂದ ಅಣ್ಣ ಎರಡು ನಿಯಮ ಮಾಡಿಕೊಂಡ: ಅಡ್ವಾನ್ಸ್ ಇಲ್ಲದೆ ಹೋಗಬಾರದು, ಟೆಸ್ಟ್ ಮಾಡಿದ್ದನ್ನು ಅಳಿಸದೆ ಬಿಡಬಾರದು. ಎರಡನೆಯದನ್ನು ಅವನು ಎಷ್ಟು ನಿಷ್ಠೆಯಿಂದ ಪಾಲಿಸಿದನೆಂದರೆ, ಊರಿನ ನೂರಾರು ಮದುವೆ ತೆಗೆದವನ ಹತ್ತಿರ ನಮ್ಮ ಮನೆಯವರದು ಒಂದು ನಿಮಿಷವೂ ಉಳಿಯಲಿಲ್ಲ. ಬಳೆಗಳನ್ನೂ ಬಿಡಿಸಲಾಗಲಿಲ್ಲ. 1996ರಲ್ಲಿ ಅಮ್ಮ ಹೋದರು.

ಮುಂದೆ ಮಿಕ್ಸಿಂಗ್ ಎಲ್ಲರಿಗೂ ಬೇಕಾಯಿತು. ಮುದುಕಿಯರು ಹೇಳುತ್ತಿದ್ದ ಹಸೆ ಹಾಡಿನ ಮೇಲೆ ಸಿನಿಮಾ ಹಾಡು ಕೂರಿಸಿದರು. ಅಣ್ಣನೂ ಕೂರಿಸಿದ, ಗಿರಾಕಿ ಕೇಳಿದ್ದೇ ಅದು. ಆ ಹಾಡುಗಳಲ್ಲಿ ಎಷ್ಟೋ ಈಗ ಯಾರ ಬಾಯಲ್ಲೂ ಇಲ್ಲ. ಆಧಾರವನ್ನು ಬರೆಯುವ ಕೈಯೇ ಅಳಿಸುವುದೂ ಉಂಟು ಎಂದು ನಾನು ಪಾಠದಲ್ಲಿ ಹೇಳುವುದು ಇದನ್ನು ನೆನೆದೇ.

1995ರ ನಂತರ ಚಿಕ್ಕ ಡಿಜಿಟಲ್ ಟೇಪು, ಆಮೇಲೆ ಡಿ.ವಿ.ಡಿ., ಮೆಮೊರಿ ಕಾರ್ಡು ಬಂದವು. 2016ರ ಜುಲೈನಲ್ಲಿ ಜಪಾನಿನ ಫುನಾಯ್ ಕಂಪನಿ ವಿ.ಸಿ.ಆರ್. ತಯಾರಿಕೆ ನಿಲ್ಲಿಸಿತು; ಅದನ್ನು ಮಾಡುತ್ತಿದ್ದ ಕೊನೆಯ ಕಂಪನಿ ಅದೇ. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ಅಣ್ಣ ಸುಮ್ಮನೆ ಕೂರಲಿಲ್ಲ. ಮಾರನೆಯ ದಿನವೇ ಆ ಮದುವೆ ಮನೆಗೆ ಹೋದ.

ಕ್ಯಾಸೆಟ್ಟು ಅಟ್ಟದ ಮೇಲಿತ್ತು. ನಮ್ಮ ಮಳೆಗಾಲ ಕೇಳಬೇಕೆ, ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು. ಶಿವಮೊಗ್ಗದಲ್ಲಿ ಇನ್ನೂ ಡೆಕ್ಕು ಇಟ್ಟುಕೊಂಡಿದ್ದ ಒಬ್ಬರು ಎರಡು ದಿನ ಕೂತು ಒರೆಸಿಕೊಟ್ಟರು. ಧಾರೆಯ ಭಾಗ ಬರೀ ಗೆರೆ. ಮೊದಲ ಇಪ್ಪತ್ತು ಸೆಕೆಂಡು ಮಾತ್ರ ಚೆನ್ನಾಗಿ ಓಡಿತು. ಬರಿಗೈಯ ಅಮ್ಮ ಟವೆಲ್ಲು ಹಿಡಿದು ನಿಂತಿದ್ದಾರೆ. "ಸಾಕು ಮಾರಾಯ, ಒಲೆ ಮೇಲೆ ಹಾಲಿದೆ" ಎಂದು ಒಳಗೆ ಹೋಗುತ್ತಾರೆ.

ಅಣ್ಣ ಆ ಕ್ಯಾಸೆಟ್ಟನ್ನು ಮದುವೆ ಮನೆಗೇ ಹಿಂತಿರುಗಿಸಿದ. ಅಮ್ಮನ ಭಾಗವನ್ನು ಮಾತ್ರ ಮೂರು ಕಡೆ ಪ್ರತಿ ಮಾಡಿ ಇಟ್ಟಿದ್ದೇವೆ. ಹಲ್ಮಿಡಿಯ ಕಲ್ಲು ಸಾವಿರದೈನೂರು ವರ್ಷ ನಿಂತಿತು. ತಾಳೆಗರಿ ಅಷ್ಟು ಬಾಳಲಾರದು. ಅದರಲ್ಲಿದ್ದದ್ದು ಉಳಿದದ್ದು ಯಾರೋ ಕೂತು ಮತ್ತೆ ಮತ್ತೆ ಪ್ರತಿ ಮಾಡಿದ್ದರಿಂದ. ಟೇಪೂ ಹಾಗೆಯೇ. ಈ ವರ್ಷದ ಪಾಠ ಮುಗಿಸಿ ಮಕ್ಕಳಿಗೆ ಮನೆಗೆಲಸ ಕೊಟ್ಟಿದ್ದೇನೆ: ಅಟ್ಟ ಹತ್ತಿ ನೋಡಿ, ಏನಾದರೂ ಸಿಕ್ಕರೆ ಒರೆಸದೆ ತನ್ನಿ.