ಮಾಳಿಗೆಯಿಂದ ಪತ್ರಾದವರೆಗೆ: ನಮ್ಮ ಮನೆ, ನಮ್ಮ ಮಕ್ಕಳ ಆರೋಗ್ಯ

ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಾಲ, ಬೀಜ, ಗೊಬ್ಬರದ ಲೆಕ್ಕವನ್ನು ಬೇರೆ ಬಾಂಧವರು ಬರೆದಿದ್ದಾರೆ. ನಾವು ನಮ್ಮ ಭಾಗದ ಮನೆಗಳ ಇತಿಹಾಸ ಬರೆಯುತ್ತೇವೆ. ಯಾಕಂದರೆ ಮನಿ ಹ್ಯಾಂಗೋ ಮಕ್ಕಳ ಆರೋಗ್ಯ ಹಾಂಗ.

ಶರಣಸಿರಸಗಿ ಸೀಮೆಯಲ್ಲಿ ಹಿರಿಯರು ಕಟ್ಟಿದ್ದು ಕಲ್ಲು-ಮಣ್ಣಿನ ಮಾಳಿಗೆ ಮನೆ. ದಪ್ಪ ಗೋಡೆ, ಕಟ್ಟಿಗೆಯ ತೊಲೆ, ಮೇಲೆ ಮಣ್ಣು, ಕೆಳಗೆ ಶಹಾಬಾದ್ ಫರಸಿ. ಹೊರಗೆ 42-43 ಡಿಗ್ರಿ ಬಿಸಿಲಿದ್ದರೂ ತೊಟ್ಟಿಲದಾಗ ಕೂಸು ಆರಾಮ ಮಲಗುತ್ತಿತ್ತು. ಆದರೆ ದೋಷವೂ ಇತ್ತು. ಕಿಟಕಿ ಕಡಿಮೆ, ಒಲೆಯ ಹೊಗೆ ಒಳಗೇ ಸುತ್ತುತ್ತಿತ್ತು. ಇಂಥ ಹೊಗೆಯಿಂದ ಸಣ್ಣ ಮಕ್ಕಳಿಗೆ ನ್ಯುಮೋನಿಯಾ ಬರುವುದು ಹೆಚ್ಚೆಂದು ಈಗ ವೈದ್ಯರು ಹೇಳುತ್ತಾರೆ. ಆಗ ಬರೀ ಕೆಮ್ಮು-ನೆಗಡಿ ಎಂದು ಸುಮ್ಮನಿರುತ್ತಿದ್ದೆವು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಗಣಪತಿ ಕಳಿಸಿ ಮಲಗಿದ್ದ ಜನ; ಸುಮಾರು ಹತ್ತು ಸಾವಿರ ಮಂದಿ ಸತ್ತರು. ಹೆಚ್ಚಿನವರನ್ನು ಕೊಂದದ್ದು ನಮ್ಮಂಥದ್ದೇ ಕಲ್ಲುಗೋಡೆ, ಮಣ್ಣಿನ ಭಾರದ ಮಾಳಿಗೆ. ನಮ್ಮ ಜಿಲ್ಲೆಗೂ ಆ ನಡುಕ ಮುಟ್ಟಿತು. ಆಗ ನಾವು ಸಾಲಿಗೆ ಹೋಗುವ ಹುಡುಗರು. ಅನೇಕ ದಿನ ಅಂಗಳದಾಗ ಮಲಗಿದೆವು.

ಅಲ್ಲಿಂದ ಮಾಳಿಗೆಯ ಮೇಲಿನ ನಂಬಿಕೆ ಸಡಿಲಾಯಿತು. ರೊಕ್ಕ ಇದ್ದವರು ಆರ್.ಸಿ.ಸಿ., ಇಲ್ಲದವರು ಪತ್ರಾ ಹಾಕಿದರು. ಪತ್ರಾ ಹಗುರ, ಬಿದ್ದರೆ ಅಪಾಯ ಕಡಿಮೆ, ಖರೆ. ಆದರೆ ಮೇ ತಿಂಗಳ ಮಧ್ಯಾಹ್ನ ಅದು ರೊಟ್ಟಿ ಹಂಚಿನಂತೆ ಕಾಯುತ್ತದೆ. ಕೂಸಿನ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ನೀರಡಿಕೆ ಆಗ್ಯಾದಂತ ಹೇಳಲೂ ಅದಕ್ಕೆ ಬಾರದು.

ಶಾಲೆಗಳಿಗೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಒಂದು ಅಳತೆ ಹಾಕಿತು: ಮಳೆ-ಬಿಸಿಲಿಗೆ ತಾಳುವ ಕಟ್ಟಡ, ಕುಡಿಯುವ ನೀರು, ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ. ಮನೆಗೆ ಅಂಥ ಅಳತೆ ಹಾಕಬೇಕಾದವರು ನಾವೇ.

ತೊಗರಿ ಕೆಡಬಾರದೆಂದು ಗೋದಾಮಿಗೆ ಗಾಳಿಕಿಂಡಿ ಇಡುತ್ತೇವೆ, ಚೀಲ ಗೋಡೆಗೆ ತಾಗದಂತೆ ಹಲಗೆ ಮೇಲೆ ಒಟ್ಟುತ್ತೇವೆ. ಮಕ್ಕಳು ಮಲಗುವ ಕೋಣೆಗೆ ಇಷ್ಟು ವಿಚಾರ ಮಾಡಿದ್ದೇವೆಯೇ? ನಮ್ಮ ತಪ್ಪನ್ನೂ ಒಪ್ಪುತ್ತೇವೆ: ನಮ್ಮ ಮನೆಯ ಹಿಂದಿನ ಕೋಣೆಗೆ ಕಿಟಕಿ ಇಟ್ಟದ್ದು ಮಗನಿಗೆ ಎರಡು ಮಳೆಗಾಲ ದಮ್ಮು ಹತ್ತಿದ ಮೇಲೆ.

ಎದುರುಬದುರು ಎರಡು ಕಿಟಕಿ, ಹೊಗೆಗೆ ದಾರಿ, ಪತ್ರಾದ ಮೇಲೆ ಬಿಳಿ ಸುಣ್ಣ, ಮಕ್ಕಳು ಬೀಳದಂತೆ ಮಾಳಿಗೆ ಅಂಚಿಗೆ ಗೋಡೆ. ಇವಕ್ಕೆ ಬಹಳ ಖರ್ಚಿಲ್ಲ. ಇನ್ನು ಮುಂದೆ ಮನೆ ಕಟ್ಟಲು, ದುರಸ್ತಿ ಮಾಡಲು ಯಾರೇ ಸಾಲ ಕೇಳಿ ಬಂದರೂ "ಕಿಟಕಿ ಎಲ್ಲಿ ಇಡ್ತೀರಿ?" ಎಂದು ಸಂಘ ಮೊದಲು ಕೇಳುವ ರೂಢಿ ಹಾಕೋಣ ಎಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.