ಮೂವತ್ತು ವರ್ಷ ತಡವಾದ ಉತ್ತರ

1994ರಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಜ್ಜಂಪುರದಿಂದ ಅಮೃತಾಪುರಕ್ಕೆ ಕರೆದುಕೊಂಡು ಹೋಗಿದ್ದುದು ನನ್ನ ಶಿಷ್ಯರಲ್ಲಿ ಕೆಲವರಿಗಾದರೂ ನೆನಪಿರಬಹುದು. ತರೀಕೆರೆಯವರೆಗೆ ಕೆಂಪು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಕೈಯಲ್ಲಿ ಚಿತ್ರಾನ್ನದ ಪೊಟ್ಟಣ. ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ಕಟ್ಟಿಸಿದನೆಂದೂ, ಅಲ್ಲಿಯ ಶಾಸನವನ್ನು ರಚಿಸಿದವನು ‘ಯಶೋಧರ ಚರಿತೆ’ಯ ಕವಿ ಜನ್ನನೆಂದೂ ನಾನು ವಿವರಿಸುತ್ತಿದ್ದೆ. ಶಾಸನದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದ ಹುಡುಗನೊಬ್ಬ, ‘ಸಾರ್, ಈ ಹಳಗನ್ನಡದ ಪದಗಳಿಗೆಲ್ಲ ಅರ್ಥ ಎಲ್ಲಿ ಸಿಗುತ್ತದೆ?’ ಎಂದು ಕೇಳಿದ. ಕಿಟ್ಟೆಲ್ ನಿಘಂಟಿನಲ್ಲಿ ಎಂದೆ. ಆ ನಿಘಂಟಿಗೆ ಅದೇ ವರ್ಷ ನೂರು ತುಂಬಿತ್ತು.

ಹಿಂದಿರುಗುವಾಗ ಬಸ್ಸಿನಲ್ಲಿ ಅವನದು ಮತ್ತೊಂದು ಪ್ರಶ್ನೆ: ‘ಆ ಕಿಟ್ಟೆಲ್ ನಮ್ಮ ದೇಶಕ್ಕೆ ಯಾಕೆ ಬಂದಿದ್ದರು ಸಾರ್?’

‘ಕನ್ನಡದ ಮೇಲಿನ ಪ್ರೀತಿಯಿಂದ ಕಣಪ್ಪಾ’ ಎಂದುಬಿಟ್ಟೆ.

ಅದು ಸುಳ್ಳು. ಸುಳ್ಳೆಂದು ನನಗೆ ಆಗಲೇ ಗೊತ್ತಿತ್ತು. ಪಾದ್ರಿ, ಮತಪ್ರಚಾರ ಎಂಬ ಮಾತು ತೆಗೆದರೆ ತರಗತಿಯಲ್ಲಿ ವಾದವೆದ್ದೀತು, ಹಿರಿಯರು ಮನೆಯ ಬಾಗಿಲಿಗೆ ಬಂದಾರು ಎಂಬ ಅಳುಕಿನಿಂದ ನಾನು ವರ್ಷಗಟ್ಟಲೆ ಕಿಟ್ಟೆಲ್ಲರನ್ನು ಬರಿಯ ‘ಜರ್ಮನ್ ವಿದ್ವಾಂಸ’ ಎಂದಷ್ಟೇ ಪರಿಚಯಿಸುತ್ತಿದ್ದೆ. ಈ ಲೇಖನದಲ್ಲಿ ಆ ಪಾಠದ ಉಳಿದರ್ಧವನ್ನು ಹೇಳುತ್ತೇನೆ.

ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕಡಲ ತೀರಕ್ಕೆ ಹತ್ತಿರವಾದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆಯೂ ಪಾದ್ರಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು, 1853ರಲ್ಲಿ ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರು ಕನ್ನಡನಾಡಿಗೆ ಬಂದರು. ಬಂದದ್ದು ನಿಘಂಟು ಬರೆಯಲಿಕ್ಕಲ್ಲ, ಕ್ರಿಸ್ತನ ಸುವಾರ್ತೆಯನ್ನು ಸಾರಲಿಕ್ಕೆ. ಅದನ್ನು ಅವರು ಎಂದೂ ಮರೆಮಾಚಲಿಲ್ಲ. ಮರೆಮಾಚಿದವನು ನಾನು.

ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಅನಂತರ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು; ಕನ್ನಡದ ಮೊದಲ ಪತ್ರಿಕೆ ಅದು. ಅದೇ ಮೋಗ್ಲಿಂಗರು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ನಮ್ಮ ಪ್ರಾಚೀನ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಹೊರತಂದರು. ನಮ್ಮ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ ಅವುಗಳಲ್ಲೊಂದು. ದಾಸರ ಪದಗಳೂ ಅದರಲ್ಲಿದ್ದವು. ಹರಿದಾಸರ ಕೀರ್ತನೆಗಳನ್ನು ಕ್ರೈಸ್ತ ಪಾದ್ರಿಯೊಬ್ಬರು ಅಚ್ಚು ಹಾಕಿಸಿದರು ಎಂದರೆ ನಮ್ಮ ಮನೆಯ ಹಿರಿಯರು ನಂಬುತ್ತಿರಲಿಲ್ಲ. ಜನರ ಮನಸ್ಸನ್ನು ಅರಿಯದೆ ಅವರಿಗೆ ಬೋಧಿಸುವುದು ಹೇಗೆ, ಅವರ ಪುಸ್ತಕಗಳನ್ನು ಓದದೆ ಮನಸ್ಸನ್ನು ಅರಿಯುವುದು ಹೇಗೆ ಎಂಬುದು ಆ ಪಾದ್ರಿಗಳ ತರ್ಕ.

ಕಿಟ್ಟೆಲ್ ಈ ತರ್ಕವನ್ನು ಇನ್ನೂ ಮುಂದಕ್ಕೆ ಒಯ್ದರು. ಯಾರಿಗೆ ಬೋಧಿಸುವೆಯೋ ಅವರಂತೆಯೇ ಆಗು ಎಂಬ ಸಂತ ಪೌಲನ ಉಪದೇಶವನ್ನು ಅವರು ಅಕ್ಷರಶಃ ಸ್ವೀಕರಿಸಿ, ಈ ದೇಶದವರ ನಡುವೆ ಈ ದೇಶದವರಂತೆ ಬದುಕಲು ಬಯಸಿದರು. ಮಿಷನ್ನಿನ ಹಿರಿಯರಿಗೆ ಇದು ಹಿಡಿಸಲಿಲ್ಲ. ಅವರಿಗೆ ಬೇಕಾಗಿದ್ದುದು ಹೇಳಿದಂತೆ ಕೇಳುವ ಬೋಧಕ. ಕಿಟ್ಟೆಲ್ಲರದು ಓದಿನಲ್ಲಿ ಮುಳುಗುವ, ಯಾರೊಂದಿಗೂ ಸುಲಭವಾಗಿ ಹೊಂದಿಕೊಳ್ಳದ ಸ್ವಭಾವ. ಊರಿಂದೂರಿಗೆ ವರ್ಗವಾಯಿತು. (ವರ್ಗಾವಣೆಯ ಕಷ್ಟ ಮೇಷ್ಟ್ರುಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ.) 1860ರಲ್ಲಿ ಪಾಲಿನ್ ಎಂಬಾಕೆಯನ್ನು ಮದುವೆಯಾದರು, ನಾಲ್ಕೇ ವರ್ಷದಲ್ಲಿ ಆಕೆ ತೀರಿಕೊಂಡರು. ಇಷ್ಟಾದರೂ ಅವರು ಕನ್ನಡವನ್ನು ಬಿಡಲಿಲ್ಲ, ಮಿಷನ್ನನ್ನೂ ಬಿಡಲಿಲ್ಲ. 1862ರಲ್ಲಿ ಅವರ ‘ಕಥಾಮಾಲೆ’ ಪ್ರಕಟವಾಯಿತು. ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದ ಕೃತಿ ಅದು.

ನಿಘಂಟಿಗೆ ಬೇಕಾದ ತಳಹದಿಯನ್ನು ಅವರು ಕೇಶಿರಾಜನಿಂದ ಹಾಕಿಕೊಂಡರು. ಕೇಶಿರಾಜ ಯಾರು? ಅಮೃತಾಪುರದ ಶಾಸನಕವಿ ಜನ್ನನ ಸೋದರಳಿಯ! ಅವನ ‘ಶಬ್ದಮಣಿದರ್ಪಣ’ವನ್ನು ಕಿಟ್ಟೆಲ್ 1872ರಲ್ಲಿ ಸಂಪಾದಿಸಿ ಪ್ರಕಟಿಸಿದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಬಂತು. ಈಗ ನಾವು ‘ಕೋಳಿ’ ಎಂದು ಬರೆಯುವುದನ್ನು ಹಳಗನ್ನಡದಲ್ಲಿ ‘ಕೋೞಿ’ ಎಂದು ಬರೆಯುತ್ತಿದ್ದರಷ್ಟೆ. ನಾಡವರೇ ಕೈಬಿಟ್ಟಿದ್ದ ಆ ‘ೞ’ಕಾರವನ್ನು ಕಿಟ್ಟೆಲ್ ತಮ್ಮ ನಿಘಂಟಿನಲ್ಲಿ ಜೋಪಾನವಾಗಿ ಉಳಿಸಿಕೊಂಡರು.

ನಿಘಂಟಿನ ಕೆಲಸಕ್ಕೆ ಸುಮಾರು ಎರಡು ದಶಕ ಹಿಡಿಯಿತು. ನಡುವೆ 1877ರಲ್ಲಿ ಜರ್ಮನಿಗೆ ಮರಳಿದರು; ಆದರೆ ಪುಸ್ತಕಗಳಲ್ಲಿ ಸಿಗದ ಪದಗಳಿಗಾಗಿ 1883ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಮತ್ತೆ ಕಡಲು ದಾಟಿ ಬಂದರು. ಪಂಡಿತರಿಂದ ಕಾವ್ಯದ ಪದಗಳನ್ನೂ, ಹಳ್ಳಿಯವರ ಬಾಯಿಂದ ಆಡುಮಾತನ್ನೂ ಗಾದೆಗಳನ್ನೂ ಸಂಗ್ರಹಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ನಿಘಂಟಿನಲ್ಲಿ 1752 ಪುಟಗಳು, ಸುಮಾರು 70,000 ಪದಗಳು. ಒಂದೊಂದು ಪದಕ್ಕೂ ಅರ್ಥ, ಯಾವ ಗ್ರಂಥದಲ್ಲಿ ಬಂದಿದೆ ಎಂಬ ಸೂಚನೆ, ತಮಿಳು ತೆಲುಗು ಮಲಯಾಳ ತುಳುಗಳಲ್ಲಿ ಅದರ ಬಂಧುಪದಗಳು. ಸಂಸ್ಕೃತವೇ ದ್ರಾವಿಡ ಭಾಷೆಗಳಿಂದ ಪಡೆದಿರಬಹುದಾದ ಪದಗಳ ಪಟ್ಟಿಯೊಂದನ್ನೂ ಮುನ್ನುಡಿಯಲ್ಲಿ ಕೊಟ್ಟಿದ್ದಾರೆ. ಕಂಪ್ಯೂಟರೂ ಇಲ್ಲ, ಟೈಪಿಸ್ಟೂ ಇಲ್ಲ, ಎಲ್ಲವೂ ಕೈಬರಹ. ಎಪ್ಪತ್ತು ಉತ್ತರಪತ್ರಿಕೆಗಳನ್ನು ತಿದ್ದುವಷ್ಟರಲ್ಲಿ ನಮ್ಮ ಬೆರಳು ನೋಯುತ್ತಿತ್ತು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರೇಟ್ ನೀಡಿತು. ಅವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಕನ್ನಡ ವ್ಯಾಕರಣವೊಂದನ್ನು ಬರೆದರು. ಅದು ಪ್ರಕಟವಾದ 1903ರಲ್ಲೇ, ಡಿಸೆಂಬರಿನಲ್ಲಿ, ಟ್ಯೂಬಿಂಗೆನ್ನಿನಲ್ಲಿ ನಿಧನರಾದರು.

ಅಮೃತಾಪುರದ ಶಾಸನದ ವಿಷಯ ಬಂದುದರಿಂದ ಇನ್ನೊಂದು ಮಾತು. ತರೀಕೆರೆ ಸೀಮೆಯ ಶಾಸನಗಳನ್ನು ಓದಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕಡೂರು ಜಿಲ್ಲೆಯ ಸಂಪುಟವಾಗಿ 1901ರಲ್ಲಿ ಹೊರತಂದವರು ಬಿ. ಎಲ್. ರೈಸ್. ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ರೈಸ್ ಪಾದ್ರಿಯಲ್ಲ, ಸರ್ಕಾರಿ ಅಧಿಕಾರಿ. ಆದರೆ ಪಾದ್ರಿಯ ಮಗ. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನವರು. 1837ರಲ್ಲಿ ಬೆಂಗಳೂರಿಗೆ ಬಂದು, ಐವತ್ತು ವರ್ಷ ದುಡಿದು, 1887ರಲ್ಲಿ ಕಣ್ಮುಚ್ಚಿದರು. ಅವರೂ ಮಕ್ಕಳಿಗಾಗಿ ಕನ್ನಡ ಪಠ್ಯಪುಸ್ತಕಗಳನ್ನು ಬರೆದವರು.

ಈ ಪಾದ್ರಿಗಳು ಯಾವ ಉದ್ದೇಶದಿಂದ ಬಂದರೋ ಅದು ಅವರು ಬಯಸಿದ ಮಟ್ಟಿಗೆ ನೆರವೇರಲಿಲ್ಲ. ನಮ್ಮ ದೇವರುಗಳ ಬಗ್ಗೆ ಅವರಲ್ಲಿ ಹಲವರು ಬರೆದ ಕಟುಮಾತುಗಳು ಇಂದಿಗೂ ನೋಯಿಸುತ್ತವೆ; ಅದನ್ನು ಮುಚ್ಚಿಡಬೇಕಾಗಿಲ್ಲ. ಕಿಟ್ಟೆಲ್ಲರ ಶ್ರದ್ಧೆ ನನ್ನ ಶ್ರದ್ಧೆಯಲ್ಲ. ಆದರೆ ಆ ಶ್ರದ್ಧೆಯನ್ನು ತೆಗೆದುಹಾಕಿದರೆ ನಿಘಂಟು ಉಳಿಯುತ್ತದೆಯೇ ಎಂದು ಯೋಚಿಸಿದ್ದೇನೆ. ಕೇವಲ ಭಾಷಾಪ್ರೇಮ ಒಬ್ಬ ಮನುಷ್ಯನನ್ನು ಐವತ್ತೊಂದನೆಯ ವಯಸ್ಸಿನಲ್ಲಿ ಹಡಗು ಹತ್ತಿಸುತ್ತದೆ ಎಂದು ನನಗನ್ನಿಸುವುದಿಲ್ಲ. ಅದು ಅವರಿಗೆ ದೇವರ ಕೆಲಸವಾಗಿತ್ತು. ದೇವರ ಕೆಲಸವೆಂದು ತಿಳಿದದ್ದರಿಂದಲೇ ‘ೞ’ಕಾರದ ಒಂದು ಪದವನ್ನೂ ಅವರು ಉದಾಸೀನ ಮಾಡಲಿಲ್ಲವೆಂದು ನನ್ನ ತಿಳಿವಳಿಕೆ.

ಅಂದು ಬಸ್ಸಿನಲ್ಲಿ ನನ್ನ ಉತ್ತರ ಕೇಳಿ ಆ ಹುಡುಗ, ‘ಕನ್ನಡ ಕಲಿಯುವ ಮೊದಲೇ ಕನ್ನಡದ ಮೇಲೆ ಪ್ರೀತಿ ಹೇಗೆ ಬಂತು ಸಾರ್?’ ಎಂದಿದ್ದ. ನಾನು ಕಿಟಕಿಯ ಕಡೆ ತಿರುಗಿ, ತರೀಕೆರೆ ಬಂತು, ಎಲ್ಲರೂ ಇಳಿಯಿರಿ ಎಂದೆ. ಅವನು ಈಗ ಎಲ್ಲಿದ್ದಾನೋ. ಇದನ್ನು ಓದಿದರೆ ಒಂದು ಸಾಲು ಬರೆಯಲಿ.